ಅಂಗೈಯಗಲದ ಕಂಡಿ

ನಾನು ನಿಂತಿದ್ದದ್ದು ಅಡುಗೆಮನೆಯ ಹಿಂಬಾಗಿಲ ಎರಡನೇ ಮೆಟ್ಟಿಲ ಮೇಲೆ. ಜುಲೈ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಆರೂವರೆ ದಾಟಿ ಕೆಲವು ನಿಮಿಷ. ಅಲ್ಲಿಂದ ಕೋಳಿಗೂಡಿಗೆ ಹದಿನಾಲ್ಕು ಹೆಜ್ಜೆ, ಆಮೇಲೆ ಎಣಿಸಿದ್ದೇನೆ. ಗೂಡಿನೊಳಗಿಂದ ಸದ್ದೇ ಇರಲಿಲ್ಲ.

ಲ್ಯಾವಿಂಗ್ಟನ್ನಿನ ಆ ಬಾಡಿಗೆ ಮನೆಗೆ ಅಮ್ಮ ಮೈಸೂರಿನಿಂದ ಬಂದು ಎಂಟು ತಿಂಗಳಾಗಿತ್ತು. ಅಪ್ಪ ಹೋದ ಮೇಲೆ ನಾನೇ ಕರೆತಂದಿದ್ದೆ. ಮೊದಲ ಮೂರು ತಿಂಗಳು ಅವಳು ಹಾಸಿಗೆ ಬಿಟ್ಟು ಎದ್ದದ್ದು ಕಡಿಮೆ. ನನ್ನ ಹೆಂಡತಿ ಆರು ಕೋಳಿ ತಂದು ಹಿತ್ತಲಲ್ಲಿ ಬಿಟ್ಟಳು. ಅವಕ್ಕೆ ಕಾಳು ಹಾಕಲು ಅಮ್ಮ ಎದ್ದಳು. ನಮ್ಮ ಎರಡು ನಾಯಿಗಳಲ್ಲಿ ಮುದಿ ಹೆಣ್ಣುನಾಯಿ ಅವಳ ಹಿಂದೆಯೇ ಹೋಗಿ ಗೂಡಿನ ಹುಲ್ಲಿನ ಮೇಲೆ ಮಲಗುವ ರೂಢಿ ಮಾಡಿಕೊಂಡಿತು. ಕೋಳಿಗಳು ಅದರ ಬೆನ್ನಿಗೆ ಒರಗುತ್ತಿದ್ದವು.

ಭೂಮಧ್ಯರೇಖೆಯ ಕೆಳಗಿನ ಈ ಪರದೇಶದ ಊರಲ್ಲಿ ಜುಲೈ ಅಂದರೆ ಚಳಿಗಾಲ. ವಾರಗಟ್ಟಲೆ ಬಿಸಿಲಿಲ್ಲ, ಬೂದು ಮೋಡ, ಜಿನುಗುವ ಹನಿ. ಆ ಚಳಿಯಲ್ಲೇ ಒಂದು ಹೇಂಟೆ ಒಂಬತ್ತು ಮರಿ ಮಾಡಿತು. ಮೂರನೇ ದಿನ ಎರಡು ಸೆಟೆದುಕೊಂಡು ಬಿದ್ದಿದ್ದವು.

"ಬಾಣಂತಿ ಕೋಣೇನ ಹಿಂಗಾ ಇಡೋದು?" ಎಂದಳು ಅಮ್ಮ. ತಂತಿಬಲೆಗೆಲ್ಲ ಗೋಣಿತಾಟು ಹೊಡೆಸಿದಳು, ಸಂದಿಗಳಿಗೆ ಬಟ್ಟೆ ತುರುಕಿಸಿದಳು. ಒಳಗೆ ಮೂಲೆಯಲ್ಲಿ ಕೆಂಡ ಇರಬೇಕು ಅಂದಳು. ಇಲ್ಲಿಯವರು ಜಿಕೊ ಅನ್ನುವ ಇದ್ದಿಲಿನ ಒಲೆಯನ್ನು ನಾನೇ ಇಟ್ಟೆ. "ನೀನು ಹುಟ್ಟಿದಾಗ ನಲವತ್ತು ದಿನ ಕಿಟಕಿ ತೆಗೆದಿಲ್ಲ ಕಣೋ. ಸತ್ತುಹೋದ್ಯಾ?"

"ಅಜ್ಜಿ, ದೇ ಆರ್ ಚಿಕನ್ಸ್," ಎಂದಳು ಹನ್ನೊಂದು ವರ್ಷದ ನನ್ನ ಮಗಳು.

"ನಿಮ್ಮಪ್ಪನೂ ಹಿಂಗೇ ಇದ್ದ ಕಣೆ, ಒಂದು ಹಿಡಿ."

ತೋಟ ನೋಡಿಕೊಳ್ಳುತ್ತಿದ್ದ ಮುದುಕರು ಗೂಡನ್ನು ಒಂದು ಸುತ್ತು ಬಂದು, ಮಾಡಿನ ಕೆಳಗೆ ಅಂಗೈಯಗಲ ತಾಟನ್ನು ಕಿತ್ತರು. ತಮ್ಮ ಮೂಗು ಮುಟ್ಟಿಕೊಂಡು "ಹೆವಾ, ಹೆವಾ" ಎಂದರು. ಒಳಗೆ ಕೆಂಡ ಇದ್ದರೆ ಗಾಳಿ ಬೇಕು, ಇದನ್ನು ಮುಚ್ಚಬೇಡಿ ಅಂತ. ಹೇಳಿದ್ದು ನನಗೆ. ಅಮ್ಮ ಆಗ ಮನೆಯೊಳಗಿದ್ದಳು. ಆ ಕಂಡಿಯ ವಿಷಯ ಅವಳಿಗೆ ತಿಳಿಯಲೇ ಇಲ್ಲ.

ಸೋಮವಾರ ಸಂಜೆ ಗಾಳಿ ಜೋರಾಗಿತ್ತು. ಕಂಡಿಯಿಂದ ಎರಚಲು ಒಳಗೆ ಬರುತ್ತಿತ್ತು. ನಾನು ಒಂದು ಹಳೆಯ ಟವೆಲ್ ಮಡಿಸಿ ಅಲ್ಲಿಗೆ ತುರುಕಿದೆ. ಯಾರೂ ಹೇಳಿರಲಿಲ್ಲ. ನಾಯಿ ಆಗಲೇ ಒಳಗೆ ಮಲಗಿತ್ತು. ಮೂಲೆಯ ಜಿಕೊದಲ್ಲಿ ಕೆಂಡವಿತ್ತು. ಬಾಗಿಲ ಚಿಲಕ ಹಾಕಿ ಬಂದೆ.

ಬೆಳಿಗ್ಗೆ ನಾನೇ ಬಾಗಿಲು ತೆಗೆದೆ. ಕೋಳಿಗಳು ತಾವು ಕೂರುವ ಅಡ್ಡಗಳುವಿನ ಕೆಳಗೆ ಬಿದ್ದಿದ್ದವು. ಮರಿಗಳು ತಾಯಿಯ ರೆಕ್ಕೆಯಡಿಯಲ್ಲೇ ಇದ್ದವು. ನಾಯಿಯ ಮೂತಿ ಬಾಗಿಲ ಕೆಳಗಿನ ಸಂದಿಗೆ ಒತ್ತಿಕೊಂಡಿತ್ತು. ಯಾವುದಕ್ಕೂ ಜೀವವಿರಲಿಲ್ಲ. ಇನ್ನೊಂದು ನಾಯಿ ಹತ್ತಿರ ಬರಲಿಲ್ಲ.

ಅಮ್ಮ ಮೆಟ್ಟಿಲ ಮೇಲೆ ಕೂತಳು. "ನನ್ನ ಕೈಯಾರೆ ಕೊಂದೆ," ಎಂದಳು. ನನ್ನ ಹೆಂಡತಿ ಅವಳ ಭುಜ ಹಿಡಿದುಕೊಂಡಳು. ಮಗಳು ಕಿಟಕಿಯಿಂದ ನೋಡುತ್ತಿದ್ದಳು. ಆಗ ಮುದುಕರು ಬಂದರು. ಕೈ ಎತ್ತಿ ಟವೆಲ್ ಎಳೆದರು, ನನ್ನ ಮುಖ ನೋಡಿದರು, ಅದನ್ನು ಮಡಿಸಿ ನನ್ನ ಕೈಗೆ ಕೊಟ್ಟರು. "ಪೋಲೆ," ಎಂದರು. ಇಲ್ಲಿ ಸಾವಿನ ಮನೆಯಲ್ಲಿ ಹೇಳುವ ಮಾತು ಅದು. ಅಮ್ಮನಿಗೂ ಅದನ್ನೇ ಹೇಳಿದರು. ಅವಳು ತಲೆ ಎತ್ತಲಿಲ್ಲ.

ನಾನು ಹೇಳಬೇಕಾಗಿತ್ತು. ನಾಳೆ ಹೇಳೋಣ ಅಂದುಕೊಂಡೆ. ಅಮ್ಮ ಮತ್ತೆ ಹಾಸಿಗೆ ಹಿಡಿದಳು. ಬೇರೆ ಕೋಳಿ ತರುತ್ತೇನೆ ಎಂದ ಸೊಸೆಗೆ, "ಬೇಡಮ್ಮ, ನನ್ನ ಕೈಗುಣ ಒಳ್ಳೇದಲ್ಲ," ಎಂದಳು. ಮುಂದಿನ ಮಾರ್ಚಿನಲ್ಲಿ, ಆಸ್ಪತ್ರೆಯಲ್ಲಿ, ಒಂದು ಮಧ್ಯಾಹ್ನ ನನ್ನ ಕಡೆ ತಿರುಗಿ, "ಆ ನಾಯಿ ಬಾಗಿಲು ಕೆರೆದಿರಬೇಕು ಕಣೋ, ನನಗೆ ಕೇಳಿಸಲಿಲ್ಲ," ಎಂದಳು. ನಾನು ಹೊದಿಕೆ ಸರಿಮಾಡಿದೆ. ನಾಲ್ಕು ದಿನಕ್ಕೆ ಹೋದಳು.

ಆ ಬೆಳಿಗ್ಗೆ ಗೂಡನ್ನು ಕಂಡವರಲ್ಲಿ ನನ್ನ ಹೆಂಡತಿ ಇದ್ದಾಳೆ, ಮಗಳು ಇದ್ದಾಳೆ. ಟವೆಲ್ ಎಲ್ಲಿತ್ತೆಂದು ಕಂಡವರು ಮುದುಕರೊಬ್ಬರೇ. ಕೆಲಸ ಬಿಟ್ಟು ತಮ್ಮ ಊರಿಗೆ ಹೋಗಿದ್ದಾರೆ, ಕಣ್ಣು ಮಂಜಾಗಿದೆಯಂತೆ. ಬದುಕಿದ್ದಾರೆ. ಕಳೆದ ವಾರ ಫೋನ್ ಮಾಡಿದಾಗ ಇಬ್ಬರೂ ಮಳೆಯ ವಿಷಯ ಮಾತಾಡಿದೆವು.