ತಂಗಿಯ ಬರಹಕ್ಕೆ ಬಿದ್ದ ಚಪ್ಪಾಳೆ

ಮೊರದಲ್ಲಿ ಜೋಳ ಹಾಕಿಕೊಂಡು ಹಸನು ಮಾಡುತ್ತ ಕುಳಿತಿದ್ದೆ. ರವಿವಾರ. ಚಿಕ್ಕೋಡಿಯ ನಮ್ಮ ಮನೆಯಲ್ಲಿ ರವಿವಾರವೆಂದರೆ ನಮ್ಮ ಮನೆಯವರು ಹಗ್ಗದ ಬಾಜಿನ ಮೇಲೆ ಅಡ್ಡಾಗಿ, ಮೊಬೈಲಿಗೆ ಬಂದದ್ದನ್ನೆಲ್ಲ ಊರಿಗೆ ಹಂಚುವ ದಿನ. ಅಣ್ಣತಮ್ಮಂದಿರು, ಕಾಕಾನ ಮಕ್ಕಳು ಎಲ್ಲ ಸೇರಿ ಒಂದು ಗ್ರೂಪ್ ಮಾಡಿಕೊಂಡಿದ್ದರು. ತಾಮ್ರದ ಚರಿಗೆಯ ನೀರಿನ ಮಹಿಮೆ, ಬೆಳ್ಳುಳ್ಳಿಯಿಂದ ವಾಸಿಯಾದ ಹೃದಯ, ತಾಸುಗಟ್ಟಲೆಯ ಪ್ರವಚನ. ಪ್ರವಚನ ಬಂದು ಮುಟ್ಟುವುದರೊಳಗೇ ‘ಅದ್ಭುತ’ ಎಂದು ಉತ್ತರ ಬರುತ್ತಿತ್ತು. ಅಷ್ಟು ಹೊತ್ತಿನ ಮಾತನ್ನು ಇವರು ಯಾವ ಕಿವಿಯಿಂದ ಕೇಳಿ ಮುಗಿಸಿದರೋ ಆ ಶಿವನಿಗೇ ಗೊತ್ತು. ರಾಯಬಾಗದ ನಮ್ಮ ಮೈದುನನಂತೂ ತಾಯಿಯ ಋಣದ ಮೇಲೆ ಅಳುವ ದನಿಯ ಆಡಿಯೋ ತಪ್ಪದೆ ಕಳಿಸುತ್ತಿದ್ದ. ಅತ್ತೆಯವರು ಬದುಕಿದ್ದಾಗ ಬಂದು ನೋಡಲು ಅವನಿಗೆ ಬಸ್ಸೇ ಸಿಕ್ಕಿರಲಿಲ್ಲ.

ಅವತ್ತು ಮನೆಯವರು ವಾರ್ತೆ ಓದುವವರ ದನಿ ತೆಗೆದು ಓದಿದರು: “ಎಲ್ಲಾ ಅಣ್ಣಂದಿರಿಗೆ ನಮಸ್ಕಾರ. ಕೊಟ್ಟ ಹೆಣ್ಣು ತನ್ನ ನೋವು ಬಾಯಿಬಿಟ್ಟು ಹೇಳಬಾರದು ಅಂತಾರ. ಆದರೂ ಬರೀತೀನಿ.” ಅಷ್ಟಕ್ಕೇ ನಿಲ್ಲಿಸಿ, ಏನು ಛಂದ ಬರೆದಾರ ನೋಡು ಎಂದರು. ಕಚೇರಿಯ ಗ್ರೂಪಿಗೂ ದಾಟಿಸಿ, ಮೊಬೈಲನ್ನು ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಹೆಣ್ಣುಮಕ್ಕಳ ಕಣ್ಣೀರಿನ ಕತೆ ರವಿವಾರಕ್ಕೊಂದಾದರೂ ಬರುತ್ತಿತ್ತು. ಅಯ್ಯೋ ಪಾಪ ಅಂದು, ಮುಂದೆ ನೂಕಿ, ಊಟಕ್ಕೆ ಕೂಡುತ್ತಿದ್ದರು. ಇದೂ ಅಂಥದೇ ಎಂದು ನಾನೂ ಜೋಳದ ಹರಳು ಆರಿಸುತ್ತಿದ್ದೆ.

ಮೊಬೈಲು ಟಣ್ ಟಣ್ ಅನ್ನುವುದು ನಿಲ್ಲಲಿಲ್ಲ. ದನಿ ಅಡಗಿಸೋಣವೆಂದು ಎತ್ತಿಕೊಂಡರೆ ಚಪ್ಪಾಳೆ, ಗುಲಾಬಿ, ಮುಗಿದ ಕೈಗಳ ಸಾಲು. ಮೇಲೆ ಬರಹ ಕಳಿಸಿದವರ ಹೆಸರು ನೋಡಿದೆ. ನಮ್ಮ ನಾದಿನಿಯದು! ಕಾಗವಾಡಕ್ಕೆ ಕೊಟ್ಟಿದ್ದ, ಈ ಅಣ್ಣಂದಿರೆಲ್ಲರಿಗೂ ಒಬ್ಬಳೇ ತಂಗಿ. ಆ ಗ್ರೂಪಿಗೆ ಒಂದು ದಿನ ಒಂದು ಹೂವಿನ ಚಿತ್ರವನ್ನೂ ಕಳಿಸಿದವಳಲ್ಲ. ‘ಮುಂದೆ ಓದಿ’ ಎಂದಿದ್ದಲ್ಲಿ ಬೆರಳಿಟ್ಟೆ.

ಬಸುರಾಗಿ ಏಳು ತಿಂಗಳಾಗಿದೆ, ಕಾಲು ಬಾತಿವೆ, ಕಾಲುಂಗುರ ತೆಗೆದಿಟ್ಟಿದ್ದೇನೆ ಎಂದು ಬರೆದಿದ್ದಳು. ತಲೆ ಸಿಡಿಯುತ್ತದೆ, ಕಣ್ಣ ಮುಂದೆ ಮಿಂಚು ಆಡಿದಂತಾಗುತ್ತದೆ. ದ್ರಾಕ್ಷಿ ಕಟಾವು ಮುಗಿಯುವ ತನಕ ದವಾಖಾನೆಗೆ ಕರೆದೊಯ್ಯಲು ಯಾರಿಗೂ ಪುರುಸೊತ್ತಿಲ್ಲವಂತೆ. ಫೋನಿನಲ್ಲಿ ಹೇಳೋಣವೆಂದರೆ ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ. ಇಷ್ಟು ಮಂದಿ ಅಣ್ಣಂದಿರಲ್ಲಿ ಯಾರಾದರೊಬ್ಬರು ಬನ್ನಿ, ನನಗೆ ಹೆದರಿಕೆಯಾಗಿದೆ. ಇಷ್ಟು ಬರೆದದ್ದಕ್ಕೆ ಆ ಚಪ್ಪಾಳೆ.

ಮನೆಯವರನ್ನು ಅಲುಗಾಡಿಸಿ ಎಬ್ಬಿಸಿದೆ.

“ನಿಮ್ಮ ತಂಗಿ ಬರದಾಳ್ರಿ ಇದನ್ನ.”

“ಓದೀನಲ್ಲ. ಛಂದ ಐತಿ.”

“ಎಷ್ಟು ಓದೀರಿ?”

ಎದ್ದು ಕೂತು ಪೂರ್ತಿ ಓದಿದರು. ಮುಖ ಇಳಿದುಹೋಯಿತು. ಆಮೇಲೆ ಮಾಡಿದ್ದೇನು ಅಂತೀರಿ, ಗ್ರೂಪಿನಲ್ಲಿ ಉತ್ತರ ಬರೆಯಲು ಶುರು ಮಾಡಿದರು.

“ಬರಿಯೂದು ಸಾಕ್ರಿ,” ಅಂದೆ. “ಚಪ್ಪಲಿ ಹಾಕ್ಕೋರಿ.”

ಬರಿಗೈಲಿ ಹೋಗಿ ನಿಮ್ಮ ಸೊಸೆಯನ್ನು ದವಾಖಾನೆಗೆ ಒಯ್ಯುತ್ತೇವೆ ಎಂದರೆ ಬೀಗರು ಮಾನಕ್ಕೆ ತೆಗೆದುಕೊಳ್ಳುತ್ತಾರೆ. ಅದು ನನಗೆ ಗೊತ್ತಿತ್ತು. ಟ್ರಂಕಿನಿಂದ ನನ್ನದೇ ಒಂದು ಮಡಿಕೆ ಬಿಚ್ಚದ ಹಸಿರು ಸೀರೆ ತೆಗೆದುಕೊಂಡೆ, ದೇವರ ಮುಂದಿನ ಕಾಯಿ ಚೀಲಕ್ಕೆ ಹಾಕಿದೆ. ನಿಂತ ಕಾಲಲ್ಲೇ ಕಾಗವಾಡದ ಮೇಲೆ ಹೋಗುವ ಮಿರಜ ಬಸ್ಸು ಸಿಕ್ಕಿತು, ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು. ದೇವರು ಇಂಥ ಸಣ್ಣದರಲ್ಲೂ ಕೈಬಿಡುವುದಿಲ್ಲ.

ಕಾಗವಾಡದಲ್ಲಿ ನಾದಿನಿಯ ಅತ್ತೆ ಚಹಾ ಕೊಟ್ಟು, ನಾವು ಕೇಳುವ ಮೊದಲೇ ಹೇಳಿದರು:

“ಬಸರ್‍ಯಾರ ಕಾಲ ಬಾಯೂದು ಏನ್ ಹೊಸಾದ್ರಿ ಅಕ್ಕಾರ? ಮೊಬೈಲ್‌ದಾಗನ ಬಂದೈತಿ, ಜೀರಗಿ ನೀರ ಕುಡದ್ರ ಇಳೀತಾವಂತ.”

ಅಲ್ಲಿಯೂ ಅದೇ ರೋಗ. ನಾನು ವಾದಕ್ಕಿಳಿಯಲಿಲ್ಲ. ಸೀರೆ, ಕಾಯಿ ಮುಂದಿಟ್ಟೆ.

“ಏಳರಾಗ ಕುಬಸ ಮಾಡಬೇಕಂತ ಬಂದೀವ್ರಿ. ಇವತ್ತ ಕಳಿಸಿ ಕೊಡ್ರಿ.”

ತವರಿನವರು ಸೀಮಂತದ ಕುಬಸಕ್ಕೆ ಕರೆದರೆ ಇಲ್ಲ ಎನ್ನುವ ಬಾಯಿ ನಮ್ಮ ಕಡೆ ಯಾರಿಗೂ ಇಲ್ಲ. ಕಳಿಸಿದರು. ಬಸ್ ಸ್ಟ್ಯಾಂಡಿಗೆ ಬಂದವರು ಚಿಕ್ಕೋಡಿಯ ಕಡೆ ತಿರುಗದೆ ನೆಟ್ಟಗೆ ಮಿರಜಿನ ದವಾಖಾನೆಗೆ ಹೋದೆವು. ರವಿವಾರವಾದರೂ ಹೆರಿಗೆ ನೋಡುವ ಡಾಕ್ಟರ್ ಬಾಯಿ ಇದ್ದರು. ರಕ್ತದೊತ್ತಡ ನೋಡಿ, ಇನ್ನೂ ತಡಮಾಡಿದ್ದರೆ ತಾಯಿ ಮಗು ಇಬ್ಬರಿಗೂ ಕುತ್ತಿತ್ತು ಎಂದು ನಮ್ಮನ್ನೇ ಬೈದು ದಾಖಲು ಮಾಡಿಕೊಂಡರು. ಆ ಬೈಗುಳವನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡೆ. ಸಲಾಯಿನ್ ಹಚ್ಚಿಕೊಂಡು ಮಲಗಿದ ನಾದಿನಿ, ಯಾರೂ ಬರೂದಿಲ್ಲ ಅಂತ ತಿಳದಿದ್ದೆ ವೈನಿ, ಎಂದಳು. ನಮ್ಮ ಮನೆಯವರು ಗೋಡೆ ನೋಡುತ್ತ ನಿಂತಿದ್ದರು.

ಆಮೇಲೆ ಅವಳನ್ನು ನಮ್ಮ ಮನೆಗೇ ತಂದುಕೊಂಡೆವು. ಕುಬಸವನ್ನೂ ಮಾಡಿದೆವು, ಆಡಿದ ಮಾತು ಸುಳ್ಳಾಗಲಿಲ್ಲ. ಅಣ್ಣಂದಿರೆಲ್ಲ ಗ್ರೂಪಿನಲ್ಲೇ ಆಶೀರ್ವಾದ ಮಾಡಿದರು.

ಮತ್ತೊಂದು ರವಿವಾರ ಮೈದುನ ಒಂದು ಬರಹ ಕಳಿಸಿದ. ಮೇಲೆ ದೀಪದ ಚಿತ್ರ, ನಡುವೆ ನಾದಿನಿಯ ಅದೇ ಮಾತು. ಕಾಗವಾಡ, ದ್ರಾಕ್ಷಿ ಎಂಬುದನ್ನೆಲ್ಲ ಯಾರೋ ತೆಗೆದು, ಅಣ್ಣಂದಿರು ಯಾರೂ ಬರಲಿಲ್ಲವೆಂದೂ ಆ ಹೆಣ್ಣು ತೀರಿಕೊಂಡಳೆಂದೂ ಸೇರಿಸಿದ್ದರು. ನಿಜವಾದ ಹೃದಯವಿದ್ದವರು ಮಾತ್ರ ಮುಂದೆ ಕಳಿಸಿ ಎಂದಿತ್ತು. ಮೈದುನ ಅದರಡಿ ಬರೆದಿದ್ದ: ‘ಓದಿ ಅತ್ತುಬಿಟ್ಟೆ.’ ತಂಗಿ ಹೇಗಿದ್ದಾಳೆಂದು ಅವನು ಇನ್ನೂ ಒಂದು ಫೋನೂ ಮಾಡಿರಲಿಲ್ಲ.

ನಾದಿನಿ ಬಾಜಿನ ಮೇಲೆ ಕೂತು ಪೂರ್ತಿ ಓದಿದಳು.

“ವೈನಿ, ನನ್ನ ಕೊಂದ ಬಿಟ್ಟಾರ ನೋಡ್ರಿ.”

“ಕೊಲ್ಲಲಿ. ಊಟಕ್ಕ ಏಳು,” ಅಂದೆ.

ಡಾಕ್ಟರ್ ಬಾಯಿ ಉಪ್ಪು ಕಡಿಮೆ ಮಾಡಿ ಎಂದಿದ್ದರು. ಅವಳ ಪಾಲಿನ ಪಲ್ಯ ಬೇರೆ ಮಾಡಬೇಕಿತ್ತು. ಸಣ್ಣ ಬುಟ್ಟಿಯಲ್ಲಿ ಹಿರೇಕಾಯಿ ತೆಗೆದುಕೊಂಡು ಹೆರೆಯಲು ಕುಳಿತೆ.