ಏಣಿಯ ಜೆರ್ಸಿ

ಬಟ್ಟೆಯ ವಿಷಯದಲ್ಲಿ ಟೈಲರಕ್ಕ ಯಾರನ್ನೂ ಬಿಟ್ಟವಳಲ್ಲ. ಮದುವೆಗೆ ಹೋದರೂ ಮದುಮಗನ ಕೋಟಿನ ಭುಜ ನೋಡಿ ಮೂಗು ಮುರಿಯುವವಳು. ಅಂಥವಳು ಸ್ವಂತ ತಂಗಿಯ ಜೋತುಬಿದ್ದ ಜೆರ್ಸಿಯನ್ನು ನೋಡಿಕೊಂಡು ಸುಮ್ಮನಿರುವುದುಂಟೇ? ಪ್ಲೇಆಫ್ ಪಂದ್ಯ ಟಿವಿಯಲ್ಲಿ ಬರುತ್ತದೆಂದು ತಿಳಿದದ್ದೇ ತಡ, ಯಾರನ್ನೂ ಕೇಳದೆ ಕಂಕುಳ ಬಳಿ ಎರಡೂ ಕಡೆ ಹಿಡಿದು ಬಿಗಿಯಾಗಿ ಹೊಲಿದುಬಿಟ್ಟಿದ್ದಳು.

ತಂಗಿಗೆ ಬಸ್ ಡಿಪೋದ ಟಿಕೆಟ್ ಕೌಂಟರಿನಲ್ಲಿ ಕೆಲಸ. ಡಿಪೋದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ನಿಂತಿರುವುದೇ ಅವಳಿಂದ. ಅವಳ ಎತ್ತರ ನೋಡಿ ಎಲ್ಲರೂ ಇಟ್ಟ ಹೆಸರು ಏಣಿ. ಮಂಡಿ ಸವೆದಿದೆ, ಈ ವರ್ಷ ಮುಗಿದ ಮೇಲೆ ಆಟ ಬೇಡ ಎಂದು ಡಾಕ್ಟರು ಹೇಳಿಯಾಗಿತ್ತು. ಇವತ್ತು ಗೆದ್ದರೆ ಫೈನಲ್, ಸೋತರೆ ಇದೇ ಅವಳ ಕೊನೆಯ ಆಟ.

ಇವತ್ತೇ ಕೈ ಕೊಡಬೇಕೇ! ಏಣಿ ಎಸೆದದ್ದೆಲ್ಲ ಗಿಡ್ಡ. ಒಂದು ಚೆಂಡು ರಿಂಗಿನ ಅಂಚಿಗೆ ತಾಗಿತು, ಇನ್ನೊಂದು ಅಷ್ಟಕ್ಕೂ ಎಟುಕದೆ ಎದುರಾಳಿಯ ಕೈಗೆ ಬಿತ್ತು.

"ಏಣಿ ಮುರೀತಲ್ರಪ್ಪೋ!" ಎಂದು ಗ್ಯಾಲರಿಯ ಹಿಂದಿನ ಸಾಲಿನ ದೊಡ್ಡ ಬಾಯಿಯವನೊಬ್ಬ ಕೂಗಿದ.

ಮುಂದಿನ ಸಾಲಿನಲ್ಲಿ ಕೂತಿದ್ದ ಟೈಲರಕ್ಕ ತಿರುಗಿ ಅವನನ್ನು ದುರುಗುಟ್ಟಿ ನೋಡಿದಳು. ಆದರೆ ಮರುಕ್ಷಣವೇ ಅವಳ ಕಣ್ಣು ತಂಗಿಯ ಕಂಕುಳ ಹೊಲಿಗೆಯ ಕಡೆ ಹೋಯಿತು. ಜೆರ್ಸಿಯನ್ನು ಹಿಡಿದು ಹೊಲಿದದ್ದು ತಂಗಿಯ ಯೂನಿಫಾರ್ಮ್ ಶರ್ಟಿನ ಅಳತೆಗೆ. ಕೌಂಟರಿನಲ್ಲಿ ಕೂತು ಟಿಕೆಟ್ ಹರಿಯುವವಳ ಅಳತೆ ಅದು. ಅಲ್ಲಿ ಕೈ ತಲೆಯ ಮೇಲೆ ಹೋಗುವ ಮಾತೇ ಇಲ್ಲ. ಅಯ್ಯೋ, ನನ್ನ ಕೈಗೆ ಬೆಂಕಿ ಹಾಕ!

ಅರ್ಧ ಆಟ ಮುಗಿದ ಸೀಟಿ ಊದಿದ್ದೇ ಅವಳು ಮೆಟ್ಟಿಲಿಳಿದು ಓಡಿದಳು. ಆಟಗಾರ್ತಿಯರ ಕೋಣೆಯ ಬಾಗಿಲ ಬಳಿ ತಡೆದ ಕಾವಲುಗಾರನಿಗೆ "ಅವಳ ಅಕ್ಕ ಕಣಯ್ಯಾ ನಾನು!" ಎಂದು ಗದರಿ ಒಳನುಗ್ಗಿದಳು. ಏಣಿ ಉಳಿದವರಿಂದ ದೂರ, ಒಂದು ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದಳು.

"ಕೈ ಎತ್ತೇ."

ಪುಟ್ಟ ಕತ್ತರಿಯೊಂದು ಟೈಲರಕ್ಕನ ಚೀಲದಲ್ಲಿ ಸದಾ ಇರುತ್ತಿತ್ತು. ಅದರಿಂದ ಎರಡೂ ಹೊಲಿಗೆಗಳನ್ನು ಬಿಚ್ಚಿದಳು. "ಬಿಗಿಯಾಗಿದೆ ಅಂತ ಒಂದು ಮಾತು ಹೇಳಬಾರದಾಗಿತ್ತಾ? ಎಲ್ಲಾ ನನ್ನಿಂದ್ಲೇ ಆಯ್ತು."

"ಬಿಗಿ ಇತ್ತು. ಆದ್ರೆ ಅದಕ್ಕಲ್ಲ ಕಣಕ್ಕಾ." ಏಣಿ ದನಿ ತಗ್ಗಿಸಿದಳು. "ಬೆಳಗ್ಗೆಯಿಂದ ಮಂಡಿ ಮಡಚೋಕೇ ಆಗ್ತಿಲ್ಲ. ಮಡಚದೆ ಹಾರೋದು ಹೇಗೆ? ಕೋಚ್ ಮೇಡಂಗೆ ಹೇಳಬೇಡ, ನಿನ್ನ ಕಾಲಿಗೆ ಬೀಳ್ತೀನಿ. ಹೇಳಿದ್ರೆ ಕೂರಿಸಿಬಿಡ್ತಾರೆ."

"ಕಾಲೇ ಹೋದ್ರೆ?"

"ಹೋಗ್ಲಿ."

ಇಷ್ಟು ಹೊತ್ತು ತನ್ನ ಹೊಲಿಗೆಯನ್ನು ಶಪಿಸಿಕೊಂಡ ಟೈಲರಕ್ಕನಿಗೆ, ತಪ್ಪು ಅದರದ್ದೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಅಷ್ಟರಲ್ಲಿ ಕೋಚ್ ಮೇಡಂ ಬಂದು "ಏನಾಗಿದೆ ಇವಳಿಗೆ?" ಎಂದರು.

"ಜೆರ್ಸಿ ಬಿಗಿಯಾಗಿತ್ತು ಮೇಡಂ. ತಪ್ಪು ನನ್ನದೇ," ಎಂದಳು ಟೈಲರಕ್ಕ, ಅವರ ಮುಖ ನೋಡದೆ.

ಮತ್ತೆ ಬಂದು ಕೂತವಳು ಚೆಂಡಿನ ಕಡೆ ನೋಡಲೇ ಇಲ್ಲ. ಜೀವ ಕೈಯಲ್ಲಿ ಹಿಡಿದು ತಂಗಿಯ ಮಂಡಿಯನ್ನೇ ನೋಡಿದಳು. ಎದ್ದು ಹೋಗಿ ಹೇಳಿಬಿಡಲೇ ಎಂದು ಹತ್ತು ಸಲ ಅನ್ನಿಸಿತು, ಹತ್ತು ಸಲವೂ ಕಾಲು ಏಳಲಿಲ್ಲ. ಏಣಿ ಮತ್ತೆ ಎರಡು ಬಾರಿ ಎಸೆದಳು, ಎರಡೂ ಗಿಡ್ಡ. ಮೂರನೆಯ ಸಲ ಚೆಂಡು ಕೈಗೆ ಬಂದಾಗ ಎಸೆಯದೆ ಪಕ್ಕದವಳಿಗೆ ಕೊಟ್ಟಳು. ಆಟ ನಿಂತ ಕೂಡಲೇ ಬೆಂಚಿನ ಕಡೆ ತಿರುಗಿ, ನನ್ನ ಬದಲಿಗೆ ಬೇರೆಯವರನ್ನು ಕಳಿಸಿ ಎಂದು ಕೈಯನ್ನು ಪೂರ್ತಿ ಮೇಲೆತ್ತಿದಳು.

ಗ್ಯಾಲರಿಯೆಲ್ಲ "ಅಯ್ಯೋ" ಎಂದಿತು. ಟೈಲರಕ್ಕನೊಬ್ಬಳಿಗೆ ಹೋದ ಜೀವ ಬಂದಂತಾಯಿತು. ಹಾಗಾದದ್ದಕ್ಕೇ ನಾಚಿಕೆಯಾಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು.