‘ಒಬ್ರು ಬಿದ್ರು’

‘ಅಣ್ಣ, ಹಿಂದೆ ಒಬ್ರು ಬಿದ್ರು’ ಎಂದು ಚಾಟಿನಲ್ಲಿ ಮೊದಲು ಬರೆದವಳು ನಾನು. ನನ್ನ ಹೆಸರಿನಲ್ಲಿ ಬರೆಯಲಿಲ್ಲ, ಇನ್ನೊಂದು ಐಡಿ ಮಾಡಿಕೊಂಡು ಬರೆದೆ. ಆದ್ದರಿಂದ ಬಾಯಿತಪ್ಪಿ ಬಂದ ಮಾತು ಎನ್ನಲು ನನಗೆ ದಾರಿಯಿಲ್ಲ — ಬರೆಯುವ ಮೊದಲೇ ಅದೇನೆಂದು ನನಗೆ ಗೊತ್ತಿತ್ತು.

ರುದ್ರೇಶಣ್ಣ ಭದ್ರಾವತಿಯವರು. ಹಿಂದೆ ಶಿವಮೊಗ್ಗ–ಸಾಗರ ರಸ್ತೆಯಲ್ಲಿ ಖಾಸಗಿ ಬಸ್ ಓಡಿಸುತ್ತಿದ್ದರು. ಆ ಕೆಲಸ ಬಿಟ್ಟ ಮೇಲೆ ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು, ಬಸ್ ಓಡಿಸುವ ಗೇಮ್ ಆಡುತ್ತ ಅದನ್ನು ಲೈವ್ ಮಾಡುತ್ತಿದ್ದರು. ಸಂಜೆ ಆರಕ್ಕೆ ಸರಿಯಾಗಿ ಬಸ್ ಹೊರಡುತ್ತಿತ್ತು. ನೋಡಲು ಬಂದವರೆಲ್ಲ ಪ್ರಯಾಣಿಕರು. ಯಾರೋ ಒಬ್ಬಳು ಚಾಟಿನಲ್ಲಿ ತನ್ನ ಕೋಳಿಗೂ ಒಂದು ಸೀಟು ಬೇಕು ಅನ್ನುವಳು. ‘ಕೋಳಿ ಮಡಿಲಲ್ಲಿ ಕೂರ್ಲಿ ಮಾರಾಯ್ತಿ, ಕಿಟಕಿ ಪಕ್ಕ ಕೇಳಿದ್ರೆ ಮಾತ್ರ ಇಳಿಸ್ಬಿಡ್ತೀನಿ’ — ಸ್ಟೀರಿಂಗ್ ತಿರುಗಿಸುತ್ತಲೇ ಅವರ ಉತ್ತರ. ಆ ಕೋಳಿ ಆರು ತಿಂಗಳು ನಮ್ಮ ಬಸ್ಸಿನಲ್ಲಿ ಓಡಾಡಿತು. ಹೊರಗಿನವರಿಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ. ನಮಗೆ ಹೊಟ್ಟೆ ಹುಣ್ಣಾಗುವಷ್ಟು ನಗು.

ನಾನು ವಿನೋಬನಗರದ ಒಂದು ಕ್ಲಿನಿಕ್ಕಿನಲ್ಲಿ ದಿನವಿಡೀ ಟೋಕನ್ ನಂಬರ್ ಕೂಗುವವಳು. ಆ ಚಾಟಿನಲ್ಲಿ ಮಾತ್ರ ನಾನು ‘ಕಿಟಕಿ ಸೀಟು’ — ಎಲ್ಲರಿಗಿಂತ ಬೇಗ, ಎಲ್ಲರಿಗಿಂತ ಚುರುಕು. ಕೆಟ್ಟ ಮಾತು ಅಳಿಸುವ, ಕಿರಿಕಿರಿ ಮಾಡುವವರನ್ನು ಹೊರಹಾಕುವ ಮಾಡರೇಟರ್ ಕೆಲಸವನ್ನು ರುದ್ರೇಶಣ್ಣ ನನಗೇ ವಹಿಸಿದ್ದರು.

ಒಂದು ಭಾನುವಾರ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಪ್ರತಿ ಸ್ಟಾಪಿನಲ್ಲೂ ಕನ್ನಡಿ ನೋಡಿ, ಮೂರು ಎಣಿಸಿ ಆಮೇಲೆ ಹೊರಡುತ್ತೀರಲ್ಲ, ಗೇಮಿನಲ್ಲೂ ಯಾಕಣ್ಣ ಇಷ್ಟು ಭಯ ಎಂದು ತಮಾಷೆಗೆ ಕೇಳಿದೆ. ಅವರ ಹೆಂಡತಿ ಗಿರಿಜಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋಗಿಬಿಟ್ಟರು.

‘ಆಯನೂರಲ್ಲಿ ಒಂದು ಅಜ್ಜಿ ಇಳೀತಿತ್ತು’ ಅಂದರು ರುದ್ರೇಶಣ್ಣ. ‘ಕಂಡಕ್ಟರ್ ರೈಟ್ ಅಂದ, ನಾನು ಬಿಟ್ಟೆ. ಕಾಲು ಇನ್ನೂ ನೆಲಕ್ಕೆ ತಾಗಿರ್ಲಿಲ್ಲ. ಮೂರನೇ ದಿನ ಹೋಗ್ಬಿಡ್ತು. ತಪ್ಪು ಕಂಡಕ್ಟರ್‌ದು ಅಂತ ಆಯ್ತು. ಆದ್ರೆ ಕನ್ನಡಿ ನನ್ನ ಕಣ್ಣೆದುರೇ ಇತ್ತು ಶ್ವೇತಾ. ನಾನು ನೋಡ್ಲಿಲ್ಲ.’ ‘ಇದು ನಿನ್ನಲ್ಲೇ ಇರ್ಲಿ’ ಎಂದೂ ಅಂದರು.

ಇತ್ತು — ಮೂರು ತಿಂಗಳು.

ಆಮೇಲೆ ‘ಸ್ಟೆಪ್ನಿ’ ಎಂಬ ಹೆಸರಿನ ಒಬ್ಬ ಬಂದ. ಅವನ ಒಂದು ಮಾತಿಗೆ ರುದ್ರೇಶಣ್ಣ ಬಸ್ ಬದಿಗೆ ಹಾಕಿ ನಕ್ಕರು. ಅವನ ಹೆಸರನ್ನೇ ಕರೆಯತೊಡಗಿದರು, ಅವನ ಜೋಕುಗಳನ್ನೇ ಗಟ್ಟಿಯಾಗಿ ಓದತೊಡಗಿದರು. ನಾನು ಬರೆದದ್ದು ಯಾರ ಕಣ್ಣಿಗೂ ಬೀಳದೆ ಮೇಲಕ್ಕೆ ಸರಿದುಹೋಗುತ್ತಿತ್ತು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದೇನಾದರೂ ಇದೆಯೇ ಎಂದು ಹುಡುಕಿದ್ದೇನೆ — ಇಲ್ಲ. ಎಲ್ಲರೂ ನಗಬೇಕು, ಆ ನಗು ನನ್ನಿಂದ ಬರಬೇಕು... ಒಂದು ಸಂಜೆ, ಅವರು ಕನ್ನಡಿ ನೋಡಿ ಮೂರು ಎಣಿಸುತ್ತಿದ್ದಾಗ, ಆ ಸಾಲು ಬರೆದೆ.

ಇಡೀ ಚಾಟ್ ಬಿದ್ದು ಬಿದ್ದು ನಕ್ಕಿತು. ರುದ್ರೇಶಣ್ಣ ಬಸ್ ಬಿಟ್ಟರು, ಗೇರ್ ತಪ್ಪಿತು. ಅದಕ್ಕೂ ಜನ ನಕ್ಕರು. ಮರುದಿನದಿಂದ ಪ್ರತಿ ಸ್ಟಾಪಿನಲ್ಲೂ ‘ಒಬ್ರು ಬಿದ್ರು’. ವಾರ ಕಳೆಯುವುದರೊಳಗೆ ಅದೇ ನಮ್ಮ ನಮಸ್ಕಾರವಾಯಿತು. ಯಾರೋ ಸ್ಟಿಕರ್ ಮಾಡಿ ಹಂಚಿದರು. ಬೇಡ ಅನ್ನಲು ರುದ್ರೇಶಣ್ಣನಿಗೆ ಆಗುತ್ತಿರಲಿಲ್ಲ — ಯಾಕೆ ಎಂದು ಹೇಳಬೇಕಾಗುತ್ತಿತ್ತು. ಆ ಮಾತು ಚಾಟಿನಲ್ಲಿ ಬರದಂತೆ ತಡೆಯುವ ಅಧಿಕಾರ ನನಗಿತ್ತು. ತಡೆಯಲಿಲ್ಲ. ನನ್ನ ಜೋಕು ಓಡುತ್ತಿತ್ತಲ್ಲ.

ರುದ್ರೇಶಣ್ಣ ಫೋನ್ ಮಾಡಿದರು. ‘ನಾನು ಹೇಳಿದ್ದು ಯಾರ ಹತ್ರನಾದ್ರೂ ಅಂದ್ಯಾ?’

‘ಇಲ್ಲಣ್ಣ’ ಅಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ‘ಮೊದ್ಲು ಬರ್ದ ಆ ಐಡಿ ಸ್ಟೆಪ್ನಿದೇ ಅನ್ಸುತ್ತೆ. ಅವ್ನು ಸಾಗರದ ಕಡೆಯವ್ನಂತೆ, ಎಲ್ಲೋ ಕೇಳಿರ್ಬೇಕು’ ಎಂದೂ ಸೇರಿಸಿದೆ.

ಅವತ್ತೇ ಸ್ಟೆಪ್ನಿಯನ್ನು ಹೊರಹಾಕಿದೆ. ‘ನಾನೇನ್ ತಪ್ಪು ಮಾಡ್ದೆ ಅಕ್ಕ?’ ಎಂದು ನನಗೆ ಬೇರೆಯಾಗಿ ಮೆಸೇಜ್ ಮಾಡಿದ್ದ.

ಅದಾದ ಮೇಲೆ ನಮ್ಮಲ್ಲೇ ಒಬ್ಬ ಶಿವಮೊಗ್ಗ–ಸಾಗರ ರಸ್ತೆಯನ್ನು ಹಾಗೆಯೇ ಗೇಮಿಗೆ ತಯಾರಿಸಿಕೊಟ್ಟ. ಎಲ್ಲರೂ ಹಟ ಹಿಡಿದರು. ರುದ್ರೇಶಣ್ಣ ಓಡಿಸಿದರು. ಆಯನೂರು ಸ್ಟಾಪ್ ಬಂತು. ಬಸ್ ನಿಂತಿತು, ಹೊರಡಲಿಲ್ಲ. ನೂರಾರು ಜನ ಒಟ್ಟಿಗೇ ಬರೆದರು — ಒಬ್ರು ಬಿದ್ರು, ಒಬ್ರು ಬಿದ್ರು.

‘ಹೌದು, ಬಿದ್ರು’ ಅಂದರು ಅವರು. ‘ಅಜ್ಜಿ. ಕೈಯಲ್ಲಿ ಒಂದು ಬಟ್ಟೆ ಚೀಲ ಇತ್ತು.’

ಅವತ್ತಿನಷ್ಟು ನಗು ಆ ಚಾಟಿನಲ್ಲಿ ಹಿಂದೆಂದೂ ಬಂದಿರಲಿಲ್ಲ. ಎಲ್ಲರೂ ಅದನ್ನು ಅವರ ಹೊಸ ಜೋಕು ಅಂದುಕೊಂಡರು. ಲೈವ್ ಅಲ್ಲಿಗೇ ನಿಂತಿತು. ಮತ್ತೆ ಅವರು ಬರಲಿಲ್ಲ.

ಎರಡು ವರ್ಷ ಕಳೆಯಿತು. ಹಬ್ಬಹಬ್ಬಕ್ಕೂ ಅವರಿಂದ ನನಗೆ ಫೋನ್ ಬರುತ್ತಿತ್ತು. ‘ಅಷ್ಟು ಜನದಲ್ಲಿ ನೀನೊಬ್ಳೇ ನನ್ನ ಮಾತು ಉಳಿಸ್ಕೊಂಡಿದ್ದು’ ಅನ್ನುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ. ಈ ಹೂಂ ಇದೆಯಲ್ಲ — ಆ ಸಾಲನ್ನು ಒಂದೇ ಸಲ ಬರೆದದ್ದು, ಇದನ್ನು ಮಾತ್ರ ಎಷ್ಟೋ ಸಲ...

ಕಳೆದ ತಿಂಗಳು, ಮೊದಲು ಸ್ಟೆಪ್ನಿಗೆ ಎಲ್ಲವನ್ನೂ ಬರೆದೆ. ರುದ್ರೇಶಣ್ಣನಿಗಿಂತ ಅವನಿಗೆ ಹೇಳುವುದು ಸುಲಭವಾಗಿತ್ತು. ಅವನು ಒಂದೇ ಸಾಲು ಕಳಿಸಿದ: ‘ಆ ಅಣ್ಣಂಗೆ ಹೇಳಿದ್ರಾ?’

ಭದ್ರಾವತಿಗೆ ಹೋದೆ. ಜಗುಲಿಯ ಮೇಲೆ ಕೂತು, ತಲೆ ಎತ್ತದೆ, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಗಿರಿಜಕ್ಕ ಕಾಫಿ ತಂದಿಟ್ಟವರು ಬಾಗಿಲಲ್ಲೇ ನಿಂತು ಕೇಳಿದರು. ರುದ್ರೇಶಣ್ಣ ಬೈಯಲಿಲ್ಲ. ಇಷ್ಟೇ ಕೇಳಿದರು: ‘ಅವತ್ತು, ಅದನ್ನ ಬರ್ದಾಗ, ನಿಂಗೆ ನಗು ಬಂತಾ?’

ಇಲ್ಲ ಎಂಬ ಮಾತು ನಾಲಗೆಯ ತುದಿಗೇ ಬಂದಿತ್ತು.

‘ಬಂತು ಅಣ್ಣ.’

ಅವರು ಎದ್ದು ಒಳಗೆ ಹೋದರು. ನಾನಿನ್ನೂ ಮುಟ್ಟಿರದ ಕಾಫಿ ಲೋಟವನ್ನು ಎತ್ತಿಕೊಂಡು ಗಿರಿಜಕ್ಕನೂ ಅವರ ಹಿಂದೆಯೇ ಹೋದರು. ಕ್ಷಮಿಸಿ ಎನ್ನಲೆಂದು ಹೋದವಳು, ಅದನ್ನು ಯಾರಿಗೆ ಹೇಳಲಿ ಎಂದು ತಿಳಿಯದೆ, ಚಪ್ಪಲಿ ಮೆಟ್ಟಿಕೊಂಡು ಹೊರಬಂದೆ.